ಪರದೆ ಕೆಟ್ಟಾಗ: ಗಣಕಯಂತ್ರದ ಸೇಫ್ ಮೋಡ್



ಗಣಕಯಂತ್ರದ ಪರದೆ ಕೈಕೊಟ್ಟಾಗ ಮೊದಲು ಏನು ಮಾಡಬೇಕು? ಇಂದು ನಾನು ಮಾತನಾಡಬೇಕೆಂದಿರುವುದು ಇಷ್ಟೇ. ವಿಷಯ ಚಿಕ್ಕದೆನಿಸಬಹುದು. ಆದರೆ ಇದರ ಅರಿವಿಲ್ಲದೆ ಎಷ್ಟೋ ವಿದ್ಯಾರ್ಥಿಗಳು ವರ್ಷವಿಡೀ ಮಾಡಿದ ಕೆಲಸವನ್ನು ಒಂದೇ ಮಧ್ಯಾಹ್ನದಲ್ಲಿ ಕಳೆದುಕೊಂಡಿದ್ದಾರೆ. ಆದ್ದರಿಂದ ಸ್ವಲ್ಪ ಗಮನವಿಟ್ಟು ಕೇಳಬೇಕೆಂದು ಕೋರುತ್ತೇನೆ.

ಹಾವೇರಿ ಜಿಲ್ಲೆಯ ಶಿಗ್ಗಾವಿ ತಾಲ್ಲೂಕಿನ ದುಂಡಸಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದೊಂದು ಹೋಬಳಿ ಊರು. ಇಂಥ ಊರುಗಳಲ್ಲಿ ಇಂದು ಗಣಕಯಂತ್ರವಿಲ್ಲದೆ ಕೆಲಸಗಳು ನಡೆಯುವುದಿಲ್ಲ. ರೈತರ ಪಹಣಿ ‘ಭೂಮಿ’ ಯೋಜನೆಯ ಮೂಲಕ ಗಣಕಯಂತ್ರಕ್ಕೆ ಸೇರಿ ಎರಡು ದಶಕಗಳೇ ಕಳೆದಿವೆ. ಬೆಳೆವಿಮೆ, ವಿದ್ಯಾರ್ಥಿವೇತನ, ಕಾಲೇಜು ಪ್ರವೇಶ, ಪರೀಕ್ಷೆಯ ಫಲಿತಾಂಶ ಎಲ್ಲವೂ ಪರದೆಯ ಮೇಲೆಯೇ ಕಾಣಬೇಕು. ನಗರದಲ್ಲಿ ಒಂದು ಯಂತ್ರ ಕೆಟ್ಟರೆ ಪಕ್ಕದ ಬೀದಿಯಲ್ಲಿ ಇನ್ನೊಂದು ಸಿಗುತ್ತದೆ. ಹೋಬಳಿ ಊರಿನಲ್ಲಿ ಹಾಗಲ್ಲ. ಅರ್ಜಿ ಹಾಕಲು ನಾಳೆಯೇ ಕೊನೆಯ ದಿನವಾಗಿದ್ದು, ಇದ್ದ ಒಂದು ಯಂತ್ರದ ಪರದೆ ಕಪ್ಪಾದರೆ, ಅದನ್ನು ಹೊತ್ತುಕೊಂಡು ಬಸ್ಸು ಹತ್ತಿ ಶಿಗ್ಗಾವಿಗೋ ಹುಬ್ಬಳ್ಳಿಗೋ ಹೋಗಬೇಕಾಗುತ್ತದೆ.

ಅಲ್ಲಿ ಸಾಮಾನ್ಯವಾಗಿ ಕೇಳಿಬರುವ ಮಾತು ನಿಮಗೂ ಗೊತ್ತಿರಬಹುದು: “ತಮ್ಮಾ, ಇದಕ್ಕ ಫಾರ್ಮ್ಯಾಟ್ ಹೊಡೀಬೇಕಾಗ್ತೈತಿ ನೋಡು.” ಹುಡುಗ “ಆಗ್ಲಿರಿ ಅಣ್ಣಾರ” ಎಂದು ತಲೆಯಾಡಿಸುತ್ತಾನೆ. ಫಾರ್ಮ್ಯಾಟ್ ಎಂದರೆ ಒಳಗಿದ್ದುದನ್ನೆಲ್ಲ ಒರೆಸಿ ಹಾಕಿ ಹೊಸದಾಗಿ ಶುರು ಮಾಡುವುದು. ಪರದೆ ಸರಿಹೋಗುತ್ತದೆ, ನಿಜ. ಆದರೆ ಬೇರೆ ಕಡೆ ಪ್ರತಿ ಇಟ್ಟಿರದಿದ್ದರೆ ಪ್ರಾಜೆಕ್ಟ್ ವರದಿ, ಅಕ್ಕನ ಮದುವೆಯ ಫೋಟೋ, ಅಪ್ಪನ ಅಂಗಡಿಯ ಲೆಕ್ಕ ಎಲ್ಲವೂ ಹೋಗುತ್ತವೆ. ಛಾವಣಿಯ ಒಂದು ಹೆಂಚು ಒಡೆದರೆ ಮನೆಯನ್ನೇ ಕೆಡವಿ ಕಟ್ಟುವ ಹಾಗೆ ಇದು. ಹೆಂಚನ್ನು ಮಾತ್ರ ಬದಲಿಸುವ ದಾರಿ ಇದೆಯೇ? ಬಹಳಷ್ಟು ಸಂದರ್ಭಗಳಲ್ಲಿ ಇದೆ. ಅದರ ಹೆಸರೇ ಸೇಫ್ ಮೋಡ್, ಅಂದರೆ ಸುರಕ್ಷಿತ ಸ್ಥಿತಿ.

ಇದನ್ನು ತಿಳಿಯುವ ಮೊದಲು ಪರದೆಯ ಮೇಲೆ ಚಿತ್ರ ಹೇಗೆ ಮೂಡುತ್ತದೆ ಎಂಬುದನ್ನು ನೋಡೋಣ. ಪರದೆ ಸಣ್ಣ ಸಣ್ಣ ಚುಕ್ಕೆಗಳಿಂದ ಆದದ್ದು. ಅಂಗಳದಲ್ಲಿ ರಂಗೋಲಿ ಹಾಕುವ ಮೊದಲು ಚುಕ್ಕೆ ಇಡುತ್ತಾರಲ್ಲ, ಅದೇ ರೀತಿ ಸಾಲು ಸಾಲಾಗಿ. ಈಗ ಸಾಮಾನ್ಯವಾಗಿರುವ ಪರದೆಯಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕೆಗಳಿರುತ್ತವೆ. ಗುಣಿಸಿದರೆ 20,73,600. ಒಂದೊಂದು ಚುಕ್ಕೆಯ ಬಣ್ಣವನ್ನು ಬರೆದಿಡಲು ಸಾಮಾನ್ಯವಾಗಿ 4 ಬೈಟ್ ಬೇಕು. ಹೀಗಾಗಿ ಒಂದು ಚಿತ್ರಕ್ಕೆ ಸುಮಾರು 83 ಲಕ್ಷ ಬೈಟ್. ಪರದೆ ಸೆಕೆಂಡಿಗೆ 60 ಸಲ ಹೊಸದಾಗಿ ಬರೆಯಲ್ಪಡುತ್ತದೆ. ಲೆಕ್ಕ ಹಾಕಿ ನೋಡಿ, ಪ್ರತಿ ಸೆಕೆಂಡಿಗೆ ಹತ್ತಿರ ಹತ್ತಿರ 50 ಕೋಟಿ ಬೈಟ್‌ಗಳಷ್ಟು ಮಾಹಿತಿ ಆಗುತ್ತದೆ.

ಇಷ್ಟು ದೊಡ್ಡ ಕೆಲಸವನ್ನು ಮಾಡುವುದು ಗ್ರಾಫಿಕ್ಸ್ ಅಂಗ. ಕೆಲವು ಯಂತ್ರಗಳಲ್ಲಿ ಅದು ಪ್ರತ್ಯೇಕ ಕಾರ್ಡ್ ಆಗಿರುತ್ತದೆ, ಇನ್ನು ಕೆಲವುಗಳಲ್ಲಿ ಮುಖ್ಯ ಸಂಸ್ಕಾರಕದೊಳಗೇ ಸೇರಿಕೊಂಡಿರುತ್ತದೆ. ಇದನ್ನು ತಯಾರಿಸುವ ಕಂಪನಿಗಳು ಹಲವು, ಮಾದರಿಗಳು ಸಾವಿರಾರು. ವಿಂಡೋಸ್‌ನಂಥ ಕಾರ್ಯಾಚರಣ ವ್ಯವಸ್ಥೆಗೆ ಇವೆಲ್ಲದರ ಭಾಷೆ ತಿಳಿದಿರುವುದಿಲ್ಲ. ಆದ್ದರಿಂದ ಇಬ್ಬರ ನಡುವೆ ಒಬ್ಬ ದುಭಾಷಿ ಬೇಕು. ಆ ದುಭಾಷಿಯೇ ಡ್ರೈವರ್ ಎಂಬ ತಂತ್ರಾಂಶ. ದುಭಾಷಿ ತಪ್ಪು ಹೇಳಿದರೆ ಏನಾಗುತ್ತದೆ? ಮಾತನಾಡುವವರೂ ಸರಿಯಿರುತ್ತಾರೆ, ಕೇಳುವವರೂ ಸರಿಯಿರುತ್ತಾರೆ, ಆದರೂ ವ್ಯವಹಾರ ಕೆಡುತ್ತದೆ. ಹಾಗೆಯೇ ಡ್ರೈವರ್ ಹಾಳಾದರೆ, ಬೇರೆ ಮಾದರಿಯದನ್ನು ಹಾಕಿದ್ದರೆ, ಅಥವಾ ಹೊಸ ಆವೃತ್ತಿಯಲ್ಲಿ ದೋಷವಿದ್ದರೆ ಪರದೆ ಕಪ್ಪಾಗಬಹುದು, ಗೆರೆಗಳು ಬರಬಹುದು, ಅಕ್ಷರಗಳು ವಿಪರೀತ ದೊಡ್ಡದಾಗಬಹುದು, ಚಿತ್ರ ನಡುಗಬಹುದು. ಯಂತ್ರದ ಯಾವ ಭಾಗವೂ ಮುರಿದಿರುವುದಿಲ್ಲ, ಆದರೂ ಏನೂ ಕಾಣುವುದಿಲ್ಲ.

ಇಲ್ಲೇ ಒಂದು ಇಕ್ಕಟ್ಟಿದೆ. ಪರದೆಯ ದೋಷವನ್ನು ಸರಿಪಡಿಸುವ ಗುಂಡಿಗಳು ಇರುವುದೂ ಅದೇ ಪರದೆಯ ಮೇಲೆ. ಕಾಣದಿದ್ದರೆ ಒತ್ತುವುದೆಲ್ಲಿ? ಪೆಟ್ಟಿಗೆಯ ಕೀಲಿ ಪೆಟ್ಟಿಗೆಯೊಳಗೇ ಉಳಿದಂತಾಯಿತು. ಈ ಇಕ್ಕಟ್ಟಿಗೆ ಕಂಡುಕೊಂಡ ಉಪಾಯವೇ ಸೇಫ್ ಮೋಡ್.

ಶಿಗ್ಗಾವಿ ಸೀಮೆಯವರಿಗೆ ಇದನ್ನು ದೊಡ್ಡಾಟದ ಹೋಲಿಕೆಯಿಂದ ಸುಲಭವಾಗಿ ಹೇಳಬಹುದು. ಇದೇ ತಾಲ್ಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯವಿರುವುದು ನಿಮಗೆ ತಿಳಿದೇ ಇದೆ. ದೊಡ್ಡಾಟದ ಪಾತ್ರಧಾರಿ ರಂಗಕ್ಕೆ ಬರುವಾಗ ಕಿರೀಟ, ಭುಜಕೀರ್ತಿ, ಎದೆಹಾರ, ಗೆಜ್ಜೆ ಎಲ್ಲವನ್ನೂ ಧರಿಸಿರುತ್ತಾನೆ. ಕುಣಿಯುವಾಗ ಹೆಜ್ಜೆ ತಪ್ಪಿತೆನ್ನಿ. ತಪ್ಪು ಕಾಲಿನದೋ ವೇಷದ್ದೋ? ಗೊತ್ತಾಗುವುದು ಹೇಗೆ? ವೇಷ ಕಳಚಿ ಬರೀ ಮೈಯಲ್ಲಿ ತಾಲೀಮಿಗೆ ನಿಲ್ಲಿಸಬೇಕು. ಆಗ ಹೆಜ್ಜೆ ಸರಿಬಂದರೆ ಕಿರೀಟದ ಭಾರವನ್ನೋ ಗೆಜ್ಜೆಯ ಕಟ್ಟನ್ನೋ ನೋಡಬೇಕು. ಆಗಲೂ ತಪ್ಪಿದರೆ ಕಾಲನ್ನೇ ನೋಡಬೇಕು. ಸೇಫ್ ಮೋಡ್ ಎಂದರೆ ವೇಷ ಕಳಚಿದ ತಾಲೀಮು. ಕಂಪನಿಯ ವಿಶೇಷ ಡ್ರೈವರ್‌ಗಳು, ತಾವಾಗಿಯೇ ಆರಂಭವಾಗುವ ಹೆಚ್ಚುವರಿ ತಂತ್ರಾಂಶಗಳು ಯಾವುದೂ ಇಲ್ಲದೆ, ಏಳಲು ಎಷ್ಟು ಬೇಕೋ ಅಷ್ಟನ್ನೇ ಇಟ್ಟುಕೊಂಡು ಯಂತ್ರ ಏಳುತ್ತದೆ.

ಹಾಗಾದರೆ ವಿಶೇಷ ಡ್ರೈವರ್ ಇಲ್ಲದೆ ಚಿತ್ರ ಮೂಡುವುದು ಹೇಗೆ? ಇದಕ್ಕೆ ಉತ್ತರ 1987ರಲ್ಲಿದೆ. ಆ ವರ್ಷ ಐಬಿಎಂ ಕಂಪನಿ ತನ್ನ ಪಿಎಸ್/2 ಗಣಕಯಂತ್ರಗಳೊಡನೆ ವಿಜಿಎ ಎಂಬ ಚಿತ್ರವ್ಯವಸ್ಥೆಯನ್ನು ಹೊರತಂದಿತು. ಅಡ್ಡಲಾಗಿ 640, ಉದ್ದಕ್ಕೆ 480 ಚುಕ್ಕೆ, ಒಮ್ಮೆಗೆ 16 ಬಣ್ಣ. ಮುಂದೆ ಬಂದ ಕಂಪನಿಗಳೂ ತಮ್ಮ ಕಾರ್ಡ್‌ಗಳಿಗೆ ಈ ವ್ಯವಸ್ಥೆಯನ್ನು ಕಲಿಸಿಯೇ ಮಾರುಕಟ್ಟೆಗೆ ಬಿಟ್ಟವು. ಹೀಗೆ ವಿಜಿಎ ಎಲ್ಲರಿಗೂ ತಿಳಿದ ಸಂತೆಯ ಭಾಷೆಯಾಯಿತು. ಅದರಲ್ಲಿ ಚುಕ್ಕೆಗಳು 3,07,200. ಹದಿನಾರು ಬಣ್ಣಕ್ಕೆ ಅರ್ಧ ಬೈಟ್ ಸಾಕಾದ್ದರಿಂದ ಒಂದು ಚಿತ್ರಕ್ಕೆ ಬೇಕಾದದ್ದು 1,53,600 ಬೈಟ್ ಮಾತ್ರ. ಮೇಲೆ ಹೇಳಿದ ಇಂದಿನ ಚಿತ್ರ ಇದರ 54 ಪಟ್ಟು. ಕಡಿಮೆ ಬೇಡುವ ವ್ಯವಸ್ಥೆ ಕೆಡುವುದೂ ಕಡಿಮೆ ಎಂಬ ತತ್ವ ಇಲ್ಲಿ ಅಡಗಿದೆ.

1995ರ ಆಗಸ್ಟ್‌ನಲ್ಲಿ ವಿಂಡೋಸ್ 95 ಬಂದಾಗ ಅದರಲ್ಲಿ ಸೇಫ್ ಮೋಡ್ ಇತ್ತು. ಯಂತ್ರ ಏಳುವಾಗ ‘ಸ್ಟಾರ್ಟಿಂಗ್ ವಿಂಡೋಸ್ 95’ ಎಂಬ ಸಾಲು ಕಂಡೊಡನೆ ಎಫ್8 ಕೀಲಿ ಒತ್ತಿದರೆ ಒಂದು ಪಟ್ಟಿ ಬರುತ್ತಿತ್ತು. ಅದರಲ್ಲಿ ಸೇಫ್ ಮೋಡ್ ಆರಿಸಿದರೆ ಯಂತ್ರ ವಿಜಿಎ ರೂಪದಲ್ಲಿ ಏಳುತ್ತಿತ್ತು. ಆಗಿನವು ಗಾಜಿನ ಕೊಳವೆಯ ಭಾರವಾದ ಮಾನಿಟರ್‌ಗಳು. ಅವುಗಳ ಶಕ್ತಿಗೆ ಮೀರಿದ ಚುಕ್ಕೆಗಳ ಸಂಖ್ಯೆಯನ್ನೋ ವೇಗವನ್ನೋ ಆರಿಸಿಬಿಟ್ಟರೆ ಚಿತ್ರ ಹರಿದುಹೋಗುತ್ತಿತ್ತು. ಹಳೆಯ ಕೆಲವು ಮಾನಿಟರ್‌ಗಳಿಗೆ ಹಾನಿಯಾಗುವುದೂ ಇತ್ತು. ಆಗ ಎಫ್8 ನೆರವಿಗೆ ಬರುತ್ತಿತ್ತು. ಶಿಗ್ಗಾವಿ ತಾಲ್ಲೂಕು ಧಾರವಾಡ ಜಿಲ್ಲೆಯಿಂದ ಹೊಸ ಹಾವೇರಿ ಜಿಲ್ಲೆಗೆ ಸೇರಿದ್ದು 1997ರಲ್ಲಿ, ಅಂದರೆ ಇದೇ ಕಾಲದಲ್ಲಿ.

2012ರಲ್ಲಿ ವಿಂಡೋಸ್ 8 ಬಂದಾಗ ಪದ್ಧತಿ ಬದಲಾಯಿತು. ಹೊಸ ಯಂತ್ರಗಳು ಎಷ್ಟು ಬೇಗ ಏಳತೊಡಗಿದವೆಂದರೆ, ಕೀಲಿ ಒತ್ತಲು ಸಿಗುವ ಸಮಯ ಕೆಲವು ಯಂತ್ರಗಳಲ್ಲಿ ಸೆಕೆಂಡಿನ ಐದರಲ್ಲೊಂದು ಭಾಗಕ್ಕಿಂತಲೂ ಕಡಿಮೆಯಾಯಿತು. ಮನುಷ್ಯನ ಬೆರಳಿಗೆ ಅದು ಸಾಲದು. ಆದ್ದರಿಂದ ವಿಂಡೋಸ್ 10 ಮತ್ತು 11ರಲ್ಲಿ ನಾವು ಬೇರೆ ದಾರಿ ಹಿಡಿಯಬೇಕು. ಎಫ್8 ಒತ್ತಿ ಒತ್ತಿ ಕೀಲಿಮಣೆ ಸವೆಸಿ ಪ್ರಯೋಜನವಿಲ್ಲ.

ಆ ದಾರಿಗೆ ಹೋಗುವ ಮೊದಲು ನಾಲ್ಕು ಸರಳ ಪರೀಕ್ಷೆಗಳನ್ನು ಮಾಡಿ. ಅರ್ಧದಷ್ಟು ತೊಂದರೆಗಳು ಇಲ್ಲೇ ಮುಗಿದರೂ ಆಶ್ಚರ್ಯವಿಲ್ಲ.

ಒಂದನೆಯದು, ತಂತಿ. ಮಾನಿಟರ್‌ನ ದೀಪ ಹತ್ತಿದೆಯೇ, ಕೇಬಲ್ ಎರಡೂ ತುದಿಯಲ್ಲಿ ಗಟ್ಟಿಯಾಗಿ ಕೂತಿದೆಯೇ ನೋಡಿ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವ ಯಂತ್ರದಲ್ಲಿ ಕೇಬಲ್ ಆ ಕಾರ್ಡ್‌ನ ಕಿಂಡಿಗೇ ಹೋಗಬೇಕು. ಮೇಲಿನ ಇನ್ನೊಂದು ಕಿಂಡಿಗೆ ಚುಚ್ಚಿದರೆ ಚಿತ್ರ ಬಾರದಿರಬಹುದು.

ಎರಡನೆಯದು, ಪ್ರೊಜೆಕ್ಟರ್ ಮರೆವು. ತರಗತಿಯಲ್ಲಿ ಪ್ರೊಜೆಕ್ಟರ್‌ಗೆ ಜೋಡಿಸಿದ್ದ ಲ್ಯಾಪ್‌ಟಾಪ್ ಆಮೇಲೆ ಕಪ್ಪಾಗಿದ್ದರೆ, ಚಿತ್ರ ಇನ್ನೂ ಎರಡನೆಯ ಪರದೆಯನ್ನೇ ಹುಡುಕುತ್ತಿರಬಹುದು. ವಿಂಡೋಸ್ ಕೀಲಿ ಹಿಡಿದು ಪಿ ಒತ್ತಿದರೆ ಚಿತ್ರ ಎಲ್ಲಿ ಕಾಣಬೇಕೆಂಬ ಆಯ್ಕೆಗಳು ಬರುತ್ತವೆ.

ಮೂರನೆಯದು, ಡ್ರೈವರ್‌ಗೆ ಒಂದು ತಟ್ಟು. ವಿಂಡೋಸ್, ಕಂಟ್ರೋಲ್, ಶಿಫ್ಟ್ ಈ ಮೂರು ಕೀಲಿಗಳನ್ನು ಹಿಡಿದು ಬಿ ಒತ್ತಿದರೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಆರಂಭವಾಗುತ್ತದೆ. ಪರದೆ ಒಮ್ಮೆ ಮಿಟುಕಿ, ಸಣ್ಣ ಸದ್ದಾಗುತ್ತದೆ. ತೆರೆದ ಕೆಲಸ ಕಳೆದುಹೋಗುವುದಿಲ್ಲ.

ನಾಲ್ಕನೆಯದೇ ಮುಖ್ಯ. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿ, ಮೊಟ್ಟಮೊದಲು ಬರುವ ಕಂಪನಿಯ ಗುರುತನ್ನು ಗಮನಿಸಿ. ಆ ಗುರುತು ಬರುವಾಗ ವಿಂಡೋಸ್ ಇನ್ನೂ ಎದ್ದಿರುವುದಿಲ್ಲ, ಅದರ ಡ್ರೈವರ್ ಕೂಡ ಎದ್ದಿರುವುದಿಲ್ಲ. ಗುರುತು ಸ್ವಚ್ಛವಾಗಿ ಕಂಡು, ಆಮೇಲೆ ಚಿತ್ರ ಕೆಟ್ಟರೆ ಸಂಶಯ ತಂತ್ರಾಂಶದ ಮೇಲೆ. ಗುರುತಿನಲ್ಲೇ ಗೆರೆಗಳಿದ್ದರೆ, ಅಥವಾ ಅದೇ ಕಾಣದಿದ್ದರೆ, ಸಂಶಯ ಯಂತ್ರಾಂಶದ ಮೇಲೆ. ಇದರ ಜೊತೆಗೆ ಇನ್ನೊಂದು ಉಪಾಯವಿದೆ. ಪರದೆಯಲ್ಲಿ ಗೆರೆಗಳಿದ್ದಾಗ ಸ್ಕ್ರೀನ್‌ಶಾಟ್ ತೆಗೆದು ಅದನ್ನು ಬೇರೊಂದು ಫೋನಿನಲ್ಲಿ ತೆರೆದು ನೋಡಿ. ಅದರಲ್ಲೂ ಗೆರೆಗಳಿದ್ದರೆ ಚಿತ್ರ ತಯಾರಾಗುವಾಗಲೇ ಕೆಟ್ಟಿದೆ. ಇಲ್ಲದಿದ್ದರೆ ಚಿತ್ರ ಸರಿಯಾಗಿಯೇ ತಯಾರಾಗಿ, ಪರದೆಗೆ ಬರುವ ಹಾದಿಯಲ್ಲೋ ಪರದೆಯಲ್ಲೋ ಕೆಟ್ಟಿದೆ.

ಇಷ್ಟಾದ ಮೇಲೆ ಸೇಫ್ ಮೋಡ್‌ಗೆ ಹೋಗೋಣ. ಲಾಗಿನ್ ಪರದೆ ಕಾಣುವಂತಿದ್ದರೆ ಕೆಲಸ ಸುಲಭ. ಮೂಲೆಯಲ್ಲಿರುವ ಪವರ್ ಗುಂಡಿಯನ್ನು ಒತ್ತಿ, ಶಿಫ್ಟ್ ಕೀಲಿಯನ್ನು ಹಿಡಿದುಕೊಂಡೇ ‘ರಿಸ್ಟಾರ್ಟ್’ ಆರಿಸಿ. ಏನೂ ಕಾಣದಿದ್ದರೆ ಇನ್ನೊಂದು ದಾರಿ. ಯಂತ್ರವನ್ನು ಹಚ್ಚಿ, ವಿಂಡೋಸ್ ಏಳುತ್ತಿರುವ ಸುಳಿವು ಸಿಕ್ಕೊಡನೆ ಪವರ್ ಗುಂಡಿಯನ್ನು ಸುಮಾರು 10 ಸೆಕೆಂಡು ಒತ್ತಿ ಹಿಡಿದು ಆರಿಸಿ. ಹೀಗೆ ಎರಡು ಮೂರು ಸಲ ಮಾಡಿದರೆ, ಏನೋ ಎಡವಟ್ಟಾಗಿದೆ ಎಂದು ವಿಂಡೋಸ್ ತಾನೇ ತಿಳಿದು ದುರಸ್ತಿಯ ಪರದೆಯನ್ನು ತೆರೆಯುತ್ತದೆ. ಬರೆಯುತ್ತಿರುವ ಕಡತ ಹಾಳಾಗುವ ಸಂಭವ ಇರುವುದರಿಂದ ಈ ಎರಡನೆಯ ದಾರಿಯನ್ನು ಬೇರೆ ಉಪಾಯವಿಲ್ಲದಾಗ ಮಾತ್ರ ಹಿಡಿಯಿರಿ.

ದುರಸ್ತಿಯ ಪರದೆಯಲ್ಲಿ ‘ಟ್ರಬಲ್‌ಶೂಟ್’, ಅದರೊಳಗೆ ‘ಅಡ್ವಾನ್ಸ್ಡ್ ಆಪ್ಷನ್ಸ್’, ಅದರೊಳಗೆ ‘ಸ್ಟಾರ್ಟಪ್ ಸೆಟ್ಟಿಂಗ್ಸ್’, ಕೊನೆಗೆ ‘ರಿಸ್ಟಾರ್ಟ್’ ಆರಿಸಿ. ಯಂತ್ರ ಮತ್ತೆ ಎದ್ದು ಅಂಕಿಗಳಿರುವ ಪಟ್ಟಿ ತೋರಿಸುತ್ತದೆ. 4 ಒತ್ತಿದರೆ ಸೇಫ್ ಮೋಡ್. 5 ಒತ್ತಿದರೆ ಇಂಟರ್‌ನೆಟ್ ಸಂಪರ್ಕದೊಡನೆ ಸೇಫ್ ಮೋಡ್. ಪರದೆಯ ಅಳತೆಯನ್ನು ತಪ್ಪಾಗಿ ಆರಿಸಿ ಚಿತ್ರ ಹೋಗಿದ್ದರೆ 3 ಸಾಕು. ಅದು ಯಂತ್ರವನ್ನು ಕಡಿಮೆ ಚುಕ್ಕೆಗಳ ಚಿತ್ರದೊಡನೆ ಎಬ್ಬಿಸುತ್ತದೆ. ಬಿಟ್‌ಲಾಕರ್ ಎಂಬ ಬೀಗ ಹಾಕಿರುವ ಲ್ಯಾಪ್‌ಟಾಪ್‌ಗಳು ಈ ಹಂತದಲ್ಲಿ 48 ಅಂಕಿಗಳ ಕೀಲಿಸಂಖ್ಯೆ ಕೇಳಬಹುದು. ಆ ಸಂಖ್ಯೆಯನ್ನೂ ನಿಮ್ಮ ಖಾತೆಯ ಪಾಸ್‌ವರ್ಡನ್ನೂ ಯಂತ್ರ ಚೆನ್ನಾಗಿರುವಾಗಲೇ ಹಾಳೆಯಲ್ಲಿ ಬರೆದು ಮನೆಯಲ್ಲಿ ಭದ್ರವಾಗಿಡಿ. ಬಾವಿ ತೋಡುವುದು ಬೆಂಕಿ ಬಿದ್ದ ಮೇಲಲ್ಲ ಎಂಬ ಮಾತು ಇಲ್ಲಿ ಸಲ್ಲುತ್ತದೆ.

ಯಂತ್ರ ಸೇಫ್ ಮೋಡ್‌ನಲ್ಲಿ ಎದ್ದಾಗ ಕಪ್ಪು ಹಿನ್ನೆಲೆಯ ನಾಲ್ಕು ಮೂಲೆಗಳಲ್ಲಿ ‘ಸೇಫ್ ಮೋಡ್’ ಎಂದು ಬರೆದಿರುತ್ತದೆ. ಚಿತ್ರಗಳು ಒರಟಾಗಿರಬಹುದು, ಧ್ವನಿ ಇರಲಿಕ್ಕಿಲ್ಲ. ಗಾಬರಿ ಬೇಡ. ಇದು ಹೊಸ ರೋಗವಲ್ಲ, ವೇಷ ಕಳಚಿದ ರೂಪ.

ಈಗ ಮೊದಲ ಕೆಲಸ ದುರಸ್ತಿಯಲ್ಲ. ಮೊದಲ ಕೆಲಸ ನಿಮ್ಮ ಕಡತಗಳನ್ನು ಪೆನ್‌ಡ್ರೈವ್‌ಗೆ ಪ್ರತಿ ಮಾಡಿಕೊಳ್ಳುವುದು. ಮುಂದೆ ಫಾರ್ಮ್ಯಾಟ್ ಮಾಡಲೇಬೇಕಾಗಿ ಬಂದರೂ ಆಗ ನಷ್ಟವಾಗುವುದು ಒಂದು ಗಂಟೆಯ ಸಮಯ ಮಾತ್ರ, ಒಂದು ವರ್ಷದ ಕೆಲಸವಲ್ಲ. ನನ್ನ ಇಂದಿನ ಮಾತಿನಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ.

ಎರಡನೆಯ ಕೆಲಸ ಡ್ರೈವರ್. ‘ಸ್ಟಾರ್ಟ್’ ಗುಂಡಿಯ ಮೇಲೆ ಮೌಸ್‌ನ ಬಲಗುಂಡಿ ಒತ್ತಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ಅಲ್ಲಿ ‘ಡಿಸ್‌ಪ್ಲೇ ಅಡಾಪ್ಟರ್ಸ್’ ಎಂಬ ಸಾಲಿನ ಕೆಳಗೆ ನಿಮ್ಮ ಗ್ರಾಫಿಕ್ಸ್ ಅಂಗದ ಹೆಸರಿರುತ್ತದೆ. ಅದರ ‘ಪ್ರಾಪರ್ಟೀಸ್’ ತೆರೆದು ‘ಡ್ರೈವರ್’ ಪುಟಕ್ಕೆ ಹೋದರೆ ‘ರೋಲ್ ಬ್ಯಾಕ್ ಡ್ರೈವರ್’ ಎಂಬ ಗುಂಡಿ ಕಾಣುತ್ತದೆ. ಇತ್ತೀಚೆಗೆ ಹೊಸ ಡ್ರೈವರ್ ಬಂದ ಮೇಲೆ ತೊಂದರೆ ಶುರುವಾಗಿದ್ದರೆ ಇದನ್ನು ಒತ್ತಿ. ಹಳೆಯ ದುಭಾಷಿಯೇ ಮರಳಿ ಬರುತ್ತಾನೆ. ಆ ಗುಂಡಿ ಮಂಕಾಗಿದ್ದು ಒತ್ತಲಾಗದಿದ್ದರೆ ಹಿಂದಿನ ಆವೃತ್ತಿ ಉಳಿದಿಲ್ಲವೆಂದು ಅರ್ಥ. ಆಗ ‘ಅನ್‌ಇನ್‌ಸ್ಟಾಲ್ ಡಿವೈಸ್’ ಆರಿಸಿ ಯಂತ್ರವನ್ನು ಎಂದಿನಂತೆ ಮತ್ತೆ ಹಚ್ಚಿ. ವಿಂಡೋಸ್ ತನ್ನಲ್ಲಿರುವ ಸಾಮಾನ್ಯ ಡ್ರೈವರ್‌ನಿಂದ ಚಿತ್ರ ತೋರಿಸುತ್ತದೆ. ಅನಂತರ ಲ್ಯಾಪ್‌ಟಾಪ್ ತಯಾರಿಸಿದ ಕಂಪನಿಯ ತಾಣದಿಂದಲೇ ನಿಮ್ಮ ಮಾದರಿಗೆ ಸರಿಹೊಂದುವ ಡ್ರೈವರ್ ತರಿಸಿಕೊಳ್ಳಿ. ಎಲ್ಲ ಡ್ರೈವರ್‌ಗಳನ್ನೂ ಪುಕ್ಕಟೆ ಸರಿಮಾಡುತ್ತೇವೆಂದು ಹೇಳುವ ಅಪರಿಚಿತ ತಂತ್ರಾಂಶಗಳನ್ನು ನಂಬಬೇಡಿ. ರೋಗಕ್ಕಿಂತ ಔಷಧವೇ ಕೆಟ್ಟದ್ದಾದೀತು.

ಇನ್ನು ತೀರ್ಮಾನದ ಮಾತು. ಸಾಮಾನ್ಯ ಸ್ಥಿತಿಯಲ್ಲಿ ಕೆಟ್ಟಿದ್ದ ಚಿತ್ರ ಸೇಫ್ ಮೋಡ್‌ನಲ್ಲಿ ಸರಿಯಿದ್ದರೆ ದೋಷ ಬಹುತೇಕ ಡ್ರೈವರ್, ಸೆಟ್ಟಿಂಗ್ ಅಥವಾ ಈಚೆಗೆ ಹಾಕಿದ ತಂತ್ರಾಂಶದ್ದು. ಸೇಫ್ ಮೋಡ್‌ನಲ್ಲೂ ಕೆಟ್ಟಿದ್ದರೆ ಕೇಬಲ್, ಪರದೆ, ಮೆಮೊರಿ ಅಥವಾ ಕಾರ್ಡ್ ನೋಡಬೇಕು. ಆಗ ಎಷ್ಟು ಸಲ ಫಾರ್ಮ್ಯಾಟ್ ಮಾಡಿದರೂ ಫಲವಿಲ್ಲ. ಅಂಗಡಿಗೆ ಹೋದಾಗ ಈ ಒಂದು ವಾಕ್ಯವನ್ನು ಸ್ಪಷ್ಟವಾಗಿ ಹೇಳಬಲ್ಲ ವಿದ್ಯಾರ್ಥಿಯ ಹಣವೂ ಉಳಿಯುತ್ತದೆ, ಕಡತವೂ ಉಳಿಯುತ್ತದೆ. ದುರಸ್ತಿ ಮಾಡುವವರಿಗೂ ಕೆಲಸ ಸುಲಭವಾಗುತ್ತದೆ.

ಆದರೆ ‘ಬಹುತೇಕ’ ಎಂಬ ಮಾತನ್ನು ನಾನು ಬೇಕೆಂದೇ ಬಳಸಿದ್ದೇನೆ. ಸೇಫ್ ಮೋಡ್‌ನಲ್ಲಿ ಗ್ರಾಫಿಕ್ಸ್ ಅಂಗ ತನ್ನ ಪೂರ್ಣ ಶಕ್ತಿಯಿಂದ ದುಡಿಯುವುದಿಲ್ಲ. ಧೂಳು ತುಂಬಿ ಫ್ಯಾನ್ ನಿಂತು, ಕಾದಾಗ ಮಾತ್ರ ಕೆಡುವ ಕಾರ್ಡ್ ಸೇಫ್ ಮೋಡ್‌ನಲ್ಲಿ ಒಳ್ಳೆಯದಾಗಿಯೇ ಕಾಣುತ್ತದೆ. ಚೀಲ ಹೊರಿಸದೆ ಎತ್ತಿನ ಬಲ ಗೊತ್ತಾಗುವುದಿಲ್ಲವಲ್ಲ! ಆದ್ದರಿಂದ ಡ್ರೈವರ್ ಬದಲಿಸಿದ ಮೇಲೂ ಸ್ವಲ್ಪ ಹೊತ್ತು ಬಳಸಿದ ಬಳಿಕ ಚಿತ್ರ ಕೆಡುತ್ತಿದ್ದರೆ ಬಿಸಿಯ ಕಡೆಗೆ ಗಮನ ಕೊಡಿ.

ಕನ್ನಡ ಬಳಸುವ ನಮಗೆ ಇನ್ನೊಂದು ಎಚ್ಚರಿಕೆ. ಹಳೆಯ ಕನ್ನಡ ಕಡತ ತೆರೆದಾಗ ಅಕ್ಷರಗಳ ಬದಲು ಚಿತ್ರವಿಚಿತ್ರ ರೋಮನ್ ಗುರುತುಗಳು ಕಂಡರೆ ಅನೇಕರು ಪರದೆ ಕೆಟ್ಟಿತೆಂದು ತಿಳಿಯುತ್ತಾರೆ. ಅದು ಪರದೆಯ ದೋಷವೇ ಅಲ್ಲ. ಬರಹ, ನುಡಿ ಮುಂತಾದ ತಂತ್ರಾಂಶಗಳ ಹಳೆಯ ಕಡತಗಳಲ್ಲಿ ಕನ್ನಡ ಅಕ್ಷರದ ತುಣುಕುಗಳನ್ನು ರೋಮನ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅವು ರೋಮನ್ ಆಗಿಯೇ ಕಾಣುತ್ತವೆ. ಕನ್ನಡಕ್ಕೆ ಯೂನಿಕೋಡ್‌ನಲ್ಲಿ 1991ರಲ್ಲೇ ಸ್ವಂತ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿ ತನ್ನೊಡನೆ ‘ತುಂಗಾ’ ಎಂಬ ಕನ್ನಡ ಫಾಂಟನ್ನು ತಂದಿತು. ಆದರೂ ಹಳೆಯ ಕಡತಗಳು ಕಚೇರಿ ಶಾಲೆಗಳಲ್ಲಿ ಇನ್ನೂ ಉಳಿದಿವೆ. ಅವುಗಳಿಗೆ ಬೇಕಾದದ್ದು ಆ ಫಾಂಟ್ ಅಥವಾ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ. ಸೇಫ್ ಮೋಡ್ ಇಲ್ಲಿ ಏನೂ ಮಾಡಲಾರದು. ಯಾವ ಔಷಧ ಯಾವುದಕ್ಕೆ ಎಂದು ತಿಳಿಯುವುದೇ ವಿದ್ಯೆಯ ಅರ್ಧ ಭಾಗ.

ಉಬುಂಟು ಇರುವ ಯಂತ್ರವಾದರೆ, ಏಳುವಾಗ ಶಿಫ್ಟ್ ಅಥವಾ ಎಸ್ಕೇಪ್ ಒತ್ತಿ ಬರುವ ಪಟ್ಟಿಯಲ್ಲಿ ‘ರಿಕವರಿ ಮೋಡ್’ ಎಂಬುದನ್ನು ಹುಡುಕಿ, ತತ್ವ ಒಂದೇ. ಆಂಡ್ರಾಯ್ಡ್ ಫೋನಿನಲ್ಲೂ ಸೇಫ್ ಮೋಡ್ ಇದೆ. ಹಲವು ಫೋನುಗಳಲ್ಲಿ ಪವರ್ ಗುಂಡಿ ಒತ್ತಿದಾಗ ಬರುವ ‘ಪವರ್ ಆಫ್’ ಚಿಹ್ನೆಯನ್ನು ಒತ್ತಿ ಹಿಡಿದರೆ ಅದರ ಆಯ್ಕೆ ಬರುತ್ತದೆ. ನೀವು ಹಾಕಿಕೊಂಡ ಆ್ಯಪ್‌ಗಳೆಲ್ಲ ಆಗ ನಿದ್ರಿಸುತ್ತವೆ. ಪರದೆ ಮಿಟುಕುವುದು ನಿಂತರೆ ಯಾವುದೋ ಆ್ಯಪ್‌ನದೇ ಉಪದ್ರವ.

ಇಷ್ಟು ಸಣ್ಣ ವಿದ್ಯೆಯಿಂದ ಎಷ್ಟು ದೊಡ್ಡ ಉಪಯೋಗವಾಗಬಹುದು ಎಂಬುದಕ್ಕೆ ಒಂದು ನಿದರ್ಶನ ಹೇಳುತ್ತೇನೆ. 2024ರ ಜುಲೈ 19, ಶುಕ್ರವಾರ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳುಹಿಸಿದ ಒಂದು ದೋಷಯುಕ್ತ ಕಡತದಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಏಳಲಾರದೆ ನೀಲಿ ಪರದೆ ತೋರಿಸಿದವು. ಆಸ್ಪತ್ರೆ, ಬ್ಯಾಂಕು, ವಿಮಾನ ನಿಲ್ದಾಣಗಳು ಪರದಾಡಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸ್ ಕೊಡಬೇಕಾಯಿತು. ಇದು ಪರದೆಯ ಡ್ರೈವರ್‌ನ ದೋಷವಲ್ಲ, ಆದರೆ ಪರಿಹಾರ ಮಾತ್ರ ಇದೇ ಬಗೆಯದು. ಯಂತ್ರವನ್ನು ಸೇಫ್ ಮೋಡ್‌ನಲ್ಲಿ ಎಬ್ಬಿಸಿ, ಆ ಒಂದು ಕಡತವನ್ನು ಅಳಿಸಿ, ಮತ್ತೆ ಹಚ್ಚುವುದು. ಎಷ್ಟೋ ಯಂತ್ರಗಳು ಇಂಟರ್‌ನೆಟ್ ಸಂಪರ್ಕದವರೆಗೂ ಏಳದ ಕಾರಣ ದೂರದಿಂದ ಅವುಗಳನ್ನು ಸರಿಪಡಿಸಲಾಗಲಿಲ್ಲ. ಒಂದೊಂದು ಯಂತ್ರದ ಮುಂದೆಯೂ ಒಬ್ಬ ಮನುಷ್ಯ ನಿಂತು ಕೈಯಾರೆ ಮಾಡಬೇಕಾಯಿತು.

ಇದರಿಂದ ನಾವು ಕಲಿಯಬೇಕಾದದ್ದೇನು? ಏಳದ ಯಂತ್ರಕ್ಕೆ ಎಷ್ಟೋ ಸಲ ದೂರದ ತಜ್ಞರಿಗಿಂತ ಎದುರಿಗೆ ನಿಂತವರ ಕೈಯೇ ಹತ್ತಿರ. ನ್ಯೂಯಾರ್ಕಿನಲ್ಲಾದರೂ ಅಷ್ಟೇ, ದುಂಡಸಿಯಲ್ಲಾದರೂ ಅಷ್ಟೇ. ಎದುರಿಗೆ ನಿಂತವರಿಗೆ ಮೊದಲ ನಾಲ್ಕು ಹೆಜ್ಜೆ ಗೊತ್ತಿದ್ದರೆ ಆ ಊರಿನ ಕೆಲಸ ನಿಲ್ಲುವುದಿಲ್ಲ. ದುಂಡಸಿ, ತಡಸ, ಬಂಕಾಪುರದಂಥ ಊರುಗಳಲ್ಲಿ ಆ ಎದುರಿಗೆ ನಿಂತವರು ನೀವೇ ಆಗಿರುತ್ತೀರಿ.

ಕೊನೆಗೆ ಮೂರು ಕಿವಿಮಾತು. ಶಾಲೆಯ ಅಥವಾ ಪಂಚಾಯಿತಿಯ ಯಂತ್ರವಾದರೆ ಹೊಣೆ ಹೊತ್ತವರ ಒಪ್ಪಿಗೆಯಿಲ್ಲದೆ ಕೈ ಹಾಕಬೇಡಿ. ಅಲ್ಲಿ ಬೇರೆಯವರ ದಾಖಲೆಗಳಿರುತ್ತವೆ. ‘ಎಂಎಸ್‌ಕಾನ್ಫಿಗ್’ ಎಂಬ ಸಾಧನದಿಂದ ಸೇಫ್ ಮೋಡ್‌ಗೆ ಹೋದರೆ, ಕೆಲಸ ಮುಗಿದ ಮೇಲೆ ಅಲ್ಲಿ ಹಾಕಿದ ಗುರುತನ್ನು ತೆಗೆಯಲು ಮರೆಯಬೇಡಿ. ಇಲ್ಲದಿದ್ದರೆ ಯಂತ್ರ ಪ್ರತಿ ಸಲವೂ ಸೇಫ್ ಮೋಡ್‌ನಲ್ಲೇ ಏಳುತ್ತದೆ. ಮೂರನೆಯದಾಗಿ, ಯಂತ್ರದ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡಿ. ಯಾವ ದಿನ ಏನು ಹೊಸದಾಗಿ ಹಾಕಿದಿರಿ, ಯಾವ ದಿನ ತೊಂದರೆ ಶುರುವಾಯಿತು, ಏನು ಬದಲಿಸಿದಾಗ ಸರಿಹೋಯಿತು ಎಂಬುದನ್ನು ಬರೆದಿಡಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪರಿಣಾಮ ನೋಡಿ. ಪ್ರಯೋಗಾಲಯದಲ್ಲಿ ನಿಮ್ಮ ವಿಜ್ಞಾನದ ಮೇಷ್ಟ್ರು ಹೇಳಿಕೊಡುವುದೂ ಇದನ್ನೇ ಅಲ್ಲವೇ?

ಫಾರ್ಮ್ಯಾಟ್ ಕೊನೆಯ ಉಪಾಯವಾಗಿರಲಿ, ಮೊದಲನೆಯದಲ್ಲ. ಪರದೆ ಕಪ್ಪಾದ ಮಾತ್ರಕ್ಕೆ ಒಳಗಿದ್ದುದು ಅಳಿಸಿಹೋಗಿರುವುದಿಲ್ಲ. ದೀಪ ಆರಿದ ಕೋಣೆಯಲ್ಲೂ ಸಾಮಾನು ಇದ್ದಲ್ಲೇ ಇರುತ್ತದೆ. ಸಣ್ಣದೊಂದು ಹಣತೆ ಹಿಡಿದು ಒಳಗೆ ಹೋಗುವುದನ್ನು ಕಲಿತರೆ ಸಾಕು.